ಐರಿಶ್ ಕ್ರಿಸ್‌ಮಸ್ ಊಟಕ್ಕೆ ಯಾವ ವೈನ್? ಎರಡೆರಡು ಗ್ಲಾಸ್ ಇಟ್ಟುಕೊಂಡು ಕುಡಿದು ನೋಡಿದ್ದು

ಐರ್ಲೆಂಡಿನ ಕ್ರಿಸ್‌ಮಸ್ ಊಟ ಅಂದ ತಕ್ಷಣ ಟರ್ಕಿ ಕೋಳಿಯ ಹೆಸರು ಬರುತ್ತದೆ. ವೈನ್ ಆರಿಸುವಾಗ ಮಾತ್ರ ಟರ್ಕಿಯನ್ನು ಮರೆತುಬಿಡಿ. ಸಪ್ಪೆ ಮಾಂಸ, ಯಾರ ಜೊತೆಗೂ ಹೊಂದಿಕೊಂಡು ಹೋಗುತ್ತದೆ. ತಕರಾರು ತೆಗೆಯುವುದು ಪಕ್ಕದಲ್ಲಿರುವ ಹ್ಯಾಮ್, ಅಂದರೆ ಉಪ್ಪು ಹಾಕಿಟ್ಟ ಹಂದಿ ತೊಡೆ.

ದಕ್ಷಿಣ ಐರ್ಲೆಂಡಿನ ಕಾರ್ಕ್ ನಗರದ ಮನೆಗಳಲ್ಲಿ ಹ್ಯಾಮನ್ನು ಮೊದಲು ನೀರಲ್ಲಿ ಬೇಯಿಸುತ್ತಾರೆ. ಆಮೇಲೆ ಚರ್ಮ ಸುಲಿದು, ಕೊಬ್ಬಿನ ಮೇಲೆ ಚಾಕುವಿನಿಂದ ಓರೆ ಗೆರೆ ಹಾಕಿ, ಗೆರೆ ಕೂಡುವಲ್ಲೆಲ್ಲ ಒಂದೊಂದು ಲವಂಗ ಚುಚ್ಚುತ್ತಾರೆ. ಕಂದು ಸಕ್ಕರೆ, ಸಾಸಿವೆ ಬಳಿದು ಓವನ್‌ಗೆ. ಒಂದೇ ತುತ್ತಿನಲ್ಲಿ ಉಪ್ಪು, ಸಿಹಿ, ಕೊಬ್ಬು, ಲವಂಗ ಎಲ್ಲ ಸಿಗುತ್ತದೆ.

ಇದಕ್ಕೆ ಆಸ್ಟ್ರೇಲಿಯಾದ ಕೆಂಪು ವೈನ್ ಕ್ಯಾಬರ್ನೆ ಸೊವಿನ್ಯೋನ್ ಒಂದು ಗ್ಲಾಸ್, ಜರ್ಮನಿಯ ಮೋಸೆಲ್ ಕಣಿವೆಯ ಹಗುರ ಬಿಳಿ ವೈನ್ ರೀಸ್ಲಿಂಗ್ ಕ್ಯಾಬಿನೆಟ್ ಇನ್ನೊಂದು ಗ್ಲಾಸ್ ಇಟ್ಟು ನೋಡಿದೆ. ಕ್ಯಾಬರ್ನೆ ಸೋತಿತು. ಬರೀ ಸೋಲಲ್ಲ, ಊಟವನ್ನೂ ಕೆಡಿಸಿತು. ಉಪ್ಪು ತಾಗಿದ ಬಾಯಿಗೆ ಆಲ್ಕೋಹಾಲಿನ ಉರಿ ಜಾಸ್ತಿ ಗೊತ್ತಾಗುತ್ತದೆ. ಸಕ್ಕರೆ ತಾಗಿದ ಬಾಯಿಗೆ ಒಗರು ಜಾಸ್ತಿ. ತಟ್ಟೆಯಲ್ಲಿ ಬ್ರಸೆಲ್ಸ್ ಸ್ಪ್ರೌಟ್ಸ್ (ಪುಟ್ಟ ಕೋಸು) ಇದ್ದರಂತೂ ಕಹಿಯ ಮೇಲೆ ಕಹಿ. ರೀಸ್ಲಿಂಗಿನಲ್ಲಿ ಆಲ್ಕೋಹಾಲ್ ಶೇ. 8–9ರ ಹತ್ತಿರ ಅಷ್ಟೇ. ಸ್ವಲ್ಪ ಸಿಹಿ, ಜೊತೆಗೆ ಚುರುಕಾದ ಹುಳಿ. ಸಿಹಿ ಸಕ್ಕರೆ ಲೇಪಕ್ಕೆ ಸರಿಹೋಯಿತು, ಹುಳಿ ಕೊಬ್ಬಿನ ಜಿಡ್ಡನ್ನು ಕತ್ತರಿಸಿತು. ಸಿಹಿ ವೈನ್ ಅಂದರೆ ಮೂಗು ಮುರಿಯುವವರೂ ಇದರ ಜೊತೆ ಎರಡನೇ ಗ್ಲಾಸ್ ಕೇಳುತ್ತಾರೆ.

ಕಾರ್ಕಿನವರ ನಿಜವಾದ ಹೆಮ್ಮೆ ಸ್ಪೈಸ್ಡ್ ಬೀಫ್. ಕ್ರಿಸ್‌ಮಸ್ ಹತ್ತಿರ ಬಂದರೆ ಊರಿನ ಹಳೆಯ ಮಾರುಕಟ್ಟೆ ಇಂಗ್ಲಿಷ್ ಮಾರ್ಕೆಟ್‌ನಲ್ಲಿ ಇದರದೇ ಕಾರುಬಾರು. ಉಪ್ಪು, ಸಕ್ಕರೆ, ಮೆಣಸು, ಲವಂಗ, ಆಲ್‌ಸ್ಪೈಸ್ ಎಂಬ ಮಸಾಲೆ ಕಾಳು ಹಚ್ಚಿ ದಿನಗಟ್ಟಲೆ ಇಟ್ಟ ದನದ ಮಾಂಸ. ಹೊರಗೆ ಕಪ್ಪು, ಕತ್ತರಿಸಿದರೆ ಒಳಗೆ ಗಾಢ ಗುಲಾಬಿ. ತೆಳ್ಳಗೆ ಹೆಚ್ಚಿ ತಣ್ಣಗೇ ತಿನ್ನುತ್ತಾರೆ. ಮೂಗಿನ ಹತ್ತಿರ ಹಿಡಿದರೆ ಊರಿನ ಮಸಾಲೆ ಡಬ್ಬಿ ತೆರೆದ ಹಾಗೆ.

ದನದ ಮಾಂಸ ಅಂದಮೇಲೆ ಫ್ರಾನ್ಸಿನ ಬೋರ್ಡೋ ಪ್ರದೇಶದ ಕೆಂಪು ವೈನ್ ತೆರೆಯುವುದು ಇಲ್ಲಿ ರೂಢಿ. ಅದಕ್ಕೆ ಹಳೆಯ ನೆಂಟಸ್ತಿಕೆಯೂ ಇದೆ. ಲಿಂಚ್-ಬಾಜ್, ಲಿಯೋವಿಲ್ ಬಾರ್ಟನ್ ಎಂಬ ಬೋರ್ಡೋದ ದೊಡ್ಡ ತೋಟಗಳ ಹೆಸರಿನಲ್ಲಿರುವ ಲಿಂಚ್, ಬಾರ್ಟನ್ ಇಬ್ಬರೂ ಐರ್ಲೆಂಡಿನಿಂದ ಹೋದ ಮನೆತನಗಳೇ. ಇರಲಿ. ನೆಂಟಸ್ತಿಕೆ ಬೇರೆ, ನಾಲಿಗೆ ಬೇರೆ ಅಲ್ವಾ? ತಣ್ಣಗಿನ, ಉಪ್ಪು ಹಿಡಿದ ಮಾಂಸದ ಜೊತೆ ಬೋರ್ಡೋದ ಒಗರು ಎದ್ದು ಕೂತಿತು. ಫ್ರಾನ್ಸಿನದೇ ಬೋಜೊಲೆ ಪ್ರದೇಶದ ಫ್ಲೂರಿ ಎಂಬ ಕೆಂಪು ವೈನನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕೊಟ್ಟೆ. ಹಗುರ, ಹಣ್ಣಿನ ಘಮ, ಒಗರು ಕಡಿಮೆ. ಮಸಾಲೆ ಅದರಲ್ಲೇ ಚೆನ್ನಾಗಿ ಗೊತ್ತಾಗುತ್ತದೆ. ಆದರೂ ಒಂದು ಮಾತು: ಇದೇ ಮಾಂಸಕ್ಕೆ ಕಾರ್ಕಿನದೇ ಕಪ್ಪು ಬಿಯರ್ ಮರ್ಫೀಸ್ ಸ್ಟೌಟ್ ಫ್ಲೂರಿಗಿಂತ ಒಂದು ಕೈ ಮೇಲೆ. ಕಾರ್ಕಿನಲ್ಲಿ ಕೂತು ಡಬ್ಲಿನ್ನಿನ ಸ್ಟೌಟ್ ಗಿನ್ನೆಸ್ ಹೆಸರು ಹೇಳುವ ಧೈರ್ಯ ನನಗಿಲ್ಲ.

ಸ್ಮೋಕ್ಡ್ ಸಾಲ್ಮನ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಸೋಡಾ ಬ್ರೆಡ್, ದಪ್ಪ ಬೆಣ್ಣೆ, ಮೇಲೆ ಮೀನು. ನ್ಯೂಜಿಲೆಂಡಿನ ಬಿಳಿ ವೈನ್ ಸೊವಿನ್ಯೋನ್ ಬ್ಲಾಂಕ್ ಹೊಗೆಯ ಘಮದ ಜೊತೆ ಜಗಳಕ್ಕೆ ಬೀಳುತ್ತದೆ. ಸಿಹಿಯಿಲ್ಲದ (ಡ್ರೈ) ಕಾವಾ, ಅಂದರೆ ಸ್ಪೇನಿನ ನೊರೆ ವೈನ್, ಸಾಕು, ಶಾಂಪೇನ್ ದುಡ್ಡು ಸುಮ್ನೆ ಖರ್ಚು.

ಇನ್ನು ಪುಡ್ಡಿಂಗ್. ಒಣದ್ರಾಕ್ಷಿ, ಸ್ಟೌಟ್, ಮಸಾಲೆ, ಮೇಲೆ ಬ್ರಾಂದಿ ಬೆಣ್ಣೆ. ವೈನ್ ಅದಕ್ಕಿಂತ ಸಿಹಿ ಇರಬೇಕು, ಇಲ್ಲದಿದ್ದರೆ ಹುಳಿ ನೀರು ಕುಡಿದಂತಾಗುತ್ತದೆ. ಫ್ರಾನ್ಸಿನ ಸಿಹಿ ಬಿಳಿ ವೈನ್ ಸೊಟರ್ನ್ ಈ ಕಪ್ಪು ಗಟ್ಟಿ ಪುಡ್ಡಿಂಗಿನ ಮುಂದೆ ಕಳೆದೇಹೋಯಿತು, ಬೆಲೆ ಬೇರೆ ಮೂರುಪಟ್ಟು. ಸ್ಪೇನಿನ ಗಾಢ ಸಿಹಿ ವೈನ್ ಪೆಡ್ರೊ ಹಿಮೆನೆಸ್ ಶೆರಿಯನ್ನು ಒಣಗಿಸಿದ ದ್ರಾಕ್ಷಿಯಿಂದಲೇ ಮಾಡುವುದು, ರುಚಿ ಅಚ್ಚುಕಟ್ಟಾಗಿ ಕೂಡುತ್ತದೆ, ಆದರೆ ಎರಡು ಗುಟುಕಿಗೇ ಬಾಯಿ ಕಟ್ಟುತ್ತದೆ. ನನ್ನ ಓಟು ಪೋರ್ಚುಗಲ್ಲಿನ ಸಿಹಿ ವೈನ್ 10 ವರ್ಷದ ಟಾನಿ ಪೋರ್ಟ್‌ಗೆ. ತೆರೆದ ಬಾಟಲಿ ಫ್ರಿಜ್‌ನಲ್ಲಿ ವಾರಗಟ್ಟಲೆ ಇರುತ್ತದೆ, 26ರ ಸೇಂಟ್ ಸ್ಟೀಫನ್ಸ್ ಡೇ ದಿನ ಉಳಿದ ಪುಡ್ಡಿಂಗಿಗೂ ಆಯಿತು.

ಏನೇ ಕೊಳ್ಳುವುದಿದ್ದರೂ 24ರೊಳಗೆ ಮುಗಿಸಿ. ಕ್ರಿಸ್‌ಮಸ್ ದಿನ ಇಲ್ಲಿನ ಅಂಗಡಿಗಳಲ್ಲಿ ಮದ್ಯ ಮಾರುವಂತಿಲ್ಲ, ಪಬ್‌ಗಳೂ ಬಂದ್.