ಎರಡು ಸಾವಿರ ಪೇಪರಿಗೆ ಯಾವ ಜರಡಿ?

ಶಾಲೆಗಳಲ್ಲಿ ಹದಿಹರೆಯದ ಹುಡುಗಿಯರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ನೋಡಿರುತ್ತೀರಿ, ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ್ದು. ರಕ್ತಹೀನತೆ ತಗ್ಗಿಸಲು ವಾರಕ್ಕೊಂದು ಮಾತ್ರೆ ಸಾಕೇ, ದಿನಾ ಕೊಡಬೇಕೇ? ಈ ಪ್ರಶ್ನೆ ಹಿಡಿದು ನಾನೂ ನಮ್ಮ ಮೇಡಮ್ಮೂ ಒಂದು ಸಿಸ್ಟಮ್ಯಾಟಿಕ್ ರಿವ್ಯೂಗೆ, ಅಂದರೆ ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ನಿಯಮ ಹಾಕಿಕೊಂಡು ಹುಡುಕಿ, ಆರಿಸಿ, ಒಟ್ಟಿಗೆ ತೂಗುವ ಕೆಲಸಕ್ಕೆ ಇಳಿದೆವು. ಪಬ್‌ಮೆಡ್, ಎಂಬೇಸ್, ಸ್ಕೋಪಸ್ ಎಂಬ ಮೂರು ಡೇಟಾಬೇಸ್‌ಗಳನ್ನೂ ಜಾಲಾಡಿದಾಗ ಎರಡು ಸಾವಿರದ ಹತ್ತಿರ ಸಂಶೋಧನಾ ಪೇಪರ್ ಸಿಕ್ಕವು. ಅಷ್ಟರ ಶೀರ್ಷಿಕೆ, ಸಾರಾಂಶಗಳನ್ನು ಇಬ್ಬರೂ ಬೇರೆ ಬೇರೆ ಓದಿ, ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ಕಾಣದ ಹಾಗೆ ಬೇಕು, ಬೇಡ ಅನ್ನಬೇಕು. ಈ ಜರಡಿ ಹಿಡಿಯುವ ಕೆಲಸಕ್ಕೆ ನಾಲ್ಕು ಸಾಧನ ಬಳಸಿ ನೋಡಿದೆ.

ಮೊದಲು ಎಕ್ಸೆಲ್. ದುಡ್ಡಿಲ್ಲ, ಕಲಿಯುವುದೂ ಏನಿಲ್ಲ ಎಂಬ ಧೈರ್ಯ. ಇಬ್ಬರೂ ಮೊದಲ ಮುನ್ನೂರು ಮುಗಿಸಿ ಹಾಳೆಗಳನ್ನು ಜೋಡಿಸಿದೆವು. ನಮ್ಮ ತೀರ್ಮಾನಗಳು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕಪ್ಪಾ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ ಸೊನ್ನೆ! ನಾಣ್ಯ ಚಿಮ್ಮಿ ಆರಿಸಿದ್ದರೂ ಅಷ್ಟೇ ಬರುತ್ತಿತ್ತು. "ಇದೇನಮ್ಮ, ಕಪ್ಪವೂ ಇಲ್ಲ ಕಾಣಿಕೆಯೂ ಇಲ್ಲ" ಅಂದರು ಮೇಡಂ. ತಪ್ಪು ನನ್ನದೇ. ಶೀರ್ಷಿಕೆಗೂ ತೀರ್ಮಾನಕ್ಕೂ ನಡುವೆ ಒಂದು ಖಾಲಿ ಕಾಲಂ ಬಿಟ್ಟಿದ್ದೆ. ವರ್ಷದ ಪ್ರಕಾರ ಸಾರ್ಟ್ ಮಾಡಿದಾಗ ಖಾಲಿ ಕಾಲಂನಿಂದ ಈಚೆಯದಷ್ಟೇ ಜರುಗಿತ್ತು, ನನ್ನ 'ಬೇಕು'ಗಳೆಲ್ಲ ಯಾರದೋ ಪೇಪರಿನ ಪಕ್ಕ ಕೂತಿದ್ದವು. ಮುನ್ನೂರನ್ನೂ ಮತ್ತೆ ಓದಿದೆ.

ಆಮೇಲೆ ರಯ್ಯಾನ್, ಇದೇ ಜರಡಿ ಕೆಲಸಕ್ಕೆಂದು ಮಾಡಿದ ವೆಬ್ ತಾಣ. ಕತಾರ್‌ನ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು. ಉಚಿತ ಖಾತೆಯಲ್ಲೇ ನಮ್ಮ ಕೆಲಸ ನಡೆಯಿತು. ಬೇರೆ ಬೇರೆ ಡೇಟಾಬೇಸ್‌ನಿಂದ ಬಂದ ಒಂದೇ ಪೇಪರಿನ ನಕಲುಗಳನ್ನು ಹುಡುಕಿಕೊಡುತ್ತದೆ, ಆದರೆ ಅಳಿಸುವ ಹೊಣೆ ನಮ್ಮದೇ. ಇಲ್ಲಿ ನಮ್ಮ ಕಡೆಯ ಹೆಸರುಗಳು ಬಹಳ ಕಾಡುತ್ತವೆ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುವವರನ್ನು ಒಂದು ಡೇಟಾಬೇಸ್ ಒಂದು ಥರ ಬರೆದರೆ ಇನ್ನೊಂದು ತಿರುಗಿಸಿ ಬರೆಯುತ್ತದೆ. ಒಂದೇ ಪೇಪರ್ ಇಬ್ಬರು ಬರೆದಂತೆ ಕಾಣುತ್ತದೆ. ಇಂಥವನ್ನು ಕಣ್ಣಲ್ಲೇ ಹೆಕ್ಕಬೇಕಾಯಿತು.

ರಯ್ಯಾನ್ ನನಗೆ ಹಿಡಿಸಿದ್ದು ಅದರ ಬ್ಲೈಂಡ್ ಗುಂಡಿಗೆ. ಅದು ಆನ್ ಇರುವ ತನಕ ಮೇಡಂ ಏನು ಒತ್ತಿದ್ದಾರೆ ಎಂದು ನನಗೆ ಗೊತ್ತಾಗುವುದಿಲ್ಲ. ಎಕ್ಸೆಲ್‌ನಲ್ಲಿ ನಾನು ಒಂದೆರಡು ಸಲ ಇಣುಕಿದ್ದೆ, ಸುಳ್ಳೇಕೆ ಹೇಳಲಿ. ಎಲ್ಲ ಮುಗಿಸಿ ಗುಂಡಿ ಆಫ್ ಮಾಡಿದಾಗ ಭಿನ್ನಾಭಿಪ್ರಾಯದವು ಮಾತ್ರ ಬೇರೆ ರಾಶಿಯಾಗಿ ನಿಂತವು. ನೋಡಿದರೆ ಅರ್ಧಕ್ಕರ್ಧ ಜಗಳ ಒಂದೇ ವಿಷಯಕ್ಕೆ: 17ರಿಂದ 21 ವರ್ಷದ ಕಾಲೇಜು ಹುಡುಗಿಯರ ಅಧ್ಯಯನಗಳು. ಹದಿಹರೆಯ ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19. ನಾನು ಸೇರಿಸಿದ್ದೆ, ಅವರು ಬಿಟ್ಟಿದ್ದರು. ನಮ್ಮ ನಿಯಮವೇ ಹುಳುಕಾಗಿತ್ತು. ಸರಾಸರಿ ವಯಸ್ಸು 19ರೊಳಗಿದ್ದರೆ ಸೇರಿಸುವುದು ಎಂದು ತಿದ್ದಿ, ಪ್ರಾಸ್ಪೆರೋ (ರಿವ್ಯೂಗಳ ಯೋಜನೆಯನ್ನು ಮೊದಲೇ ದಾಖಲಿಸುವ ಸಾರ್ವಜನಿಕ ಪಟ್ಟಿ) ನೋಂದಣಿಯಲ್ಲಿ ಆ ಬದಲಾವಣೆಯನ್ನೂ ಕಾರಣವನ್ನೂ ದಾಖಲಿಸಿದೆವು. ಜಗಳ ಎದ್ದು ಕಾಣದಿದ್ದರೆ ಇದು ಪ್ರಕಟಣೆಯ ನಂತರ ಬೇರೆ ಯಾರಾದರೂ ಹಿಡಿಯುವ ತಪ್ಪಾಗಿರುತ್ತಿತ್ತು.

ಮೂರನೆಯದು ಕೋವಿಡೆನ್ಸ್, ಚಂದಾ ಕೊಟ್ಟು ಬಳಸುವ ಇಂಥದೇ ತಾಣ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಚ್ಚುಕಟ್ಟಾಗಿದೆ: ನಕಲುಗಳನ್ನು ತಾನೇ ತೆಗೆಯುತ್ತದೆ, ಭಿನ್ನಾಭಿಪ್ರಾಯಗಳನ್ನು ಪ್ರತ್ಯೇಕ ಪಟ್ಟಿಗೆ ಕಳಿಸುತ್ತದೆ, ಎಷ್ಟು ಪೇಪರ್ ಸಿಕ್ಕವು, ಎಷ್ಟು ಬಿಟ್ಟೆವು, ಎಷ್ಟು ಉಳಿದವು ಎಂದು ತೋರಿಸುವ ಪ್ರಿಸ್ಮಾ ಫ್ಲೋ ಚಿತ್ರದ ಅಂಕಿಗಳನ್ನೂ ಎಣಿಸಿಕೊಡುತ್ತದೆ. ಆ ಅಂಕಿಗಳು ಕೂಡಿ ಬರದೆ ರಾತ್ರಿ ನಿದ್ದೆಗೆಟ್ಟವರಿಗೆ ಇದರ ಬೆಲೆ ಗೊತ್ತು. ಆದರೆ ನಾನು ನೋಡಿದಾಗ ಪುಕ್ಕಟೆ ಪ್ರಯೋಗಕ್ಕೆ 500 ಪೇಪರಿನ ಮಿತಿ ಇತ್ತು, ನಮ್ಮದು ಅದರ ನಾಲ್ಕು ಪಟ್ಟು. ಸಂಸ್ಥೆಯ ಚಂದಾ ಇದ್ದರೆ ಯೋಚನೆ ಮಾಡದೆ ಇದನ್ನೇ ಹಿಡಿಯಿರಿ.

ನಾಲ್ಕನೆಯದು ಏಎಸ್‌ರಿವ್ಯೂ, ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ್ದು. ಪೂರ್ತಿ ಉಚಿತ, ನಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಬೇಕಾದ, ಬೇಡದ ಪೇಪರ್ ಒಂದೆರಡು ತೋರಿಸಿದರೆ ನಮ್ಮ ಪ್ರತಿ ಉತ್ತರದಿಂದಲೂ ಕಲಿಯುತ್ತಾ, ಬೇಕಾಗಬಹುದಾದ್ದನ್ನು ಮೊದಲು ಮುಂದಿಡುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ಅದೇ ಪಟ್ಟಿಯನ್ನು ಇದಕ್ಕೆ ಉಣಿಸಿ ಪರೀಕ್ಷಿಸಿದೆ. ಕೊನೆಗೆ ನಾವು ಉಳಿಸಿಕೊಂಡಿದ್ದ ಪೇಪರುಗಳು ಬಹುಪಾಲು ಬೇಗನೆ ಮೇಲೆ ಬಂದವು, ಬೆರಗಾಯಿತು. ಒಂದು ಮಾತ್ರ ತಳ ಸೇರಿತ್ತು: ಡೇಟಾಬೇಸ್‌ನಲ್ಲಿ ಸಾರಾಂಶವೇ ಇಲ್ಲದ, ಶೀರ್ಷಿಕೆ ಮಾತ್ರ ಇದ್ದ ಹಳೆಯ ಪೇಪರ್. ಯಂತ್ರಕ್ಕೆ ಓದಲು ಏನೂ ಸಿಕ್ಕಿರಲಿಲ್ಲ. ಎಲ್ಲಿಗೆ ನಿಲ್ಲಿಸಬೇಕು ಎಂಬುದೇ ಇದರಲ್ಲಿ ತಲೆನೋವು. ಸಾಲಾಗಿ ನೂರು 'ಬೇಡ' ಬಂದರೆ ಸಾಕು ಅಂದುಕೊಂಡಿದ್ದರೆ ಆ ಪೇಪರ್ ಕೈತಪ್ಪುತ್ತಿತ್ತು. ನಾನು ಬಳಸಿದ ಆವೃತ್ತಿಯಲ್ಲಿ ಇಬ್ಬರು ಗುಟ್ಟಾಗಿ ಮತ ಹಾಕುವ ಏರ್ಪಾಡೂ ಇರಲಿಲ್ಲ. ರಿವ್ಯೂವನ್ನು ಎರಡು ವರ್ಷ ಬಿಟ್ಟು ನವೀಕರಿಸುವಾಗ, ಹೊಸ ಪೇಪರುಗಳನ್ನು ಓದುವ ಸರದಿ ಗೊತ್ತುಮಾಡಲು ಇದನ್ನು ಬಳಸುತ್ತೇನೆ. ಸಾರಾಂಶವಿಲ್ಲದವನ್ನು ಮೊದಲೇ ಬೇರ್ಪಡಿಸಿ ಕೈಯಾರೆ ನೋಡಿಯೇ.

ಅಂತೂ ನಮ್ಮ ಜರಡಿ ರಯ್ಯಾನ್. ಆದರೆ ಪೇಪರುಗಳಿಂದ ಅಂಕಿ ತೆಗೆಯುವ ಹಂತಕ್ಕೆ ಬಂದಾಗ, ಬೈದು ಮೂಲೆಗಿಟ್ಟಿದ್ದ ಎಕ್ಸೆಲ್‌ಗೇ ಮರಳಿದೆ. ಒಬ್ಬರು ಹಿಮೋಗ್ಲೋಬಿನ್ 11.2 ಅಂತ ಡೆಸಿಲೀಟರಿಗೆ ಬರೆದರೆ ಇನ್ನೊಬ್ಬರು 112 ಅಂತ ಲೀಟರಿಗೆ ಬರೆದಿರುತ್ತಾರೆ. ಕೆಲವರು ಸ್ಟ್ಯಾಂಡರ್ಡ್ ಡೀವಿಯೇಷನ್ (ಎಸ್‌ಡಿ, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಇರಬೇಕಾದ ಕಡೆ ಸ್ಟ್ಯಾಂಡರ್ಡ್ ಎರರ್ (ಎಸ್‌ಇ, ಆ ಸರಾಸರಿಯೇ ಎಷ್ಟು ಆಚೀಚೆ ಆಗಬಹುದು ಎಂಬ ಅಳತೆ) ಕೊಟ್ಟು ಸುಮ್ಮನಿರುತ್ತಾರೆ. ನೂರು ಜನರ ಅಧ್ಯಯನದಲ್ಲಿ ಎಸ್‌ಇ ಅಂದರೆ ಎಸ್‌ಡಿಯ ಹತ್ತನೇ ಒಂದು ಭಾಗ. ಅದನ್ನೇ ಎಸ್‌ಡಿ ಅಂದುಕೊಂಡರೆ ಅಧ್ಯಯನ ಇರುವುದಕ್ಕಿಂತ ಬಹಳ ನಿಖರವಾಗಿ ಕಂಡು ಹೆಚ್ಚು ತೂಕ ಪಡೆಯುತ್ತದೆ. ಎಲ್ಲ ಅಧ್ಯಯನಗಳ ಫಲಿತಾಂಶವನ್ನು ಒಂದರ ಕೆಳಗೊಂದು ತೋರಿಸುವ ನಮ್ಮ ಮೊದಲ ಫಾರೆಸ್ಟ್ ಪ್ಲಾಟ್‌ ಚಿತ್ರದಲ್ಲಿ ಒಂದೇ ಅಧ್ಯಯನದ ಚೌಕ ಉಳಿದವರೆಲ್ಲರ ತೂಕ ನುಂಗಿ ಕೂತಿದ್ದು ಅದರಿಂದಲೇ. ಈಗ ನಮ್ಮ ಹಾಳೆಯಲ್ಲಿ 'ಎಸ್‌ಡಿಯೋ ಎಸ್‌ಇಯೋ' ಎಂದೇ ಒಂದು ಕಾಲಂ ಇದೆ. ಖಾಲಿ ಕಾಲಂ ಒಂದೂ ಇಲ್ಲ.