ಅಮೆರಿಕಕ್ಕೆ ಕಳಿಸುವ ಇಳಕಲ್ ಸೀರೆ: ಮೊದಲು ಸೆರಗಿನ ಕೊಂಡಿ ನೋಡಿ

ದೀಪಾವಳಿ, ರಾಜ್ಯೋತ್ಸವ ಹತ್ತಿರ ಬಂದರೆ ಸಾಕು, ಬೆಳಗಾವಿಯ ಖಡೇಬಜಾರ್, ಗಣಪತ್ ಗಲ್ಲಿಯ ಅಂಗಡಿಗಳಲ್ಲಿ "ಅಮೆರಿಕಾಕ್ಕ ಕಳಸೋದೈತ್ರಿ, ಖರೇ ಇಳಕಲ್ ತೋರಸ್ರಿ" ಅನ್ನುವ ಮಾತು ಕೇಳುತ್ತದೆ. ಅಲ್ಲಿನ ಕನ್ನಡ ಕೂಟದ ಹಬ್ಬದಲ್ಲಿ ಮಗಳೋ ಸೊಸೆಯೋ ಉಟ್ಟು ನಿಂತರೆ ಇವರು ಯಾವ ಸೀಮೆಯವರು ಎಂದು ಸೀರೆಯೇ ಹೇಳಬೇಕು. ಆ ಗುರುತು ಇರುವುದು ಸೆರಗು ಒಡಲಿಗೆ ಕೂಡುವ ಜಾಗದಲ್ಲಿ. ಅಲ್ಲಿ ಎರಡೂ ಕಡೆಯ ಎಳೆಗಳನ್ನು ಕೂಡಿಸುವ ಕೊಂಡಿ ಇಲ್ಲದಿದ್ದರೆ ಕೈಮಗ್ಗದ ಬೆಲೆ ಕೊಡಬೇಡಿ.

ಇಳಕಲ್ ನೇಕಾರರು ಸೀರೆಗೆ ಮೂರು ಹಾಸು, ಅಂದರೆ ಉದ್ದ ಎಳೆಗಳನ್ನು, ಬೇರೆ ಬೇರೆ ಮಾಡಿಕೊಳ್ಳುತ್ತಾರೆ: ಒಡಲಿಗೊಂದು, ದಡಿಗೊಂದು, ಸೆರಗಿಗೊಂದು. ಸೆರಗಿನ ಕೆಂಪು ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಹೀಗಾಗಿ ಸೆರಗಿನಲ್ಲಿ ಹಾಸೂ ಕೆಂಪು, ಅಡ್ಡ ಎಳೆಯಾದ ಹೊಕ್ಕೂ ಕೆಂಪು. ಬಣ್ಣ ಗಟ್ಟಿಯಾಗಿ ಎದ್ದು ಕಾಣುತ್ತದೆ. ಪವರ್‌ಲೂಮಿನಲ್ಲಿ ಒಂದೇ ಉದ್ದನೆಯ ಹಾಸಿನ ಮೇಲೆ ಸೀರೆಯ ಹಿಂದೆ ಸೀರೆ ಬರುತ್ತದೆ. ಪ್ರತಿ ಸೀರೆಗೂ ಮಗ್ಗ ನಿಲ್ಲಿಸಿ ಕೊಂಡಿ ಹಾಕುತ್ತ ಕೂತರೆ ಅವರಿಗೆ ಗಿಟ್ಟುವುದಿಲ್ಲ. ಒಡಲು ಹಸಿರಿದ್ದರೆ ಆ ಹಸಿರು ಹಾಸೇ ಸೆರಗಿಗೂ ಸಾಗುತ್ತದೆ, ಅದರ ಮೇಲೆ ಕೆಂಪು ಹೊಕ್ಕು ಬಿದ್ದು ಸೆರಗು ಕಂದಿದಂತೆ ಕಾಣುತ್ತದೆ.

ಪರೀಕ್ಷೆ ಸುಲಭ. ಸೆರಗಿನ ತುದಿಯಲ್ಲಿ ಇಳಿಬಿದ್ದ ಎಳೆಗಳ ಬಣ್ಣ ನೋಡಿ. ಅವು ಒಡಲಿನ ಬಣ್ಣದವಾಗಿದ್ದರೆ ಕೊಂಡಿ ಹಾಕಿಲ್ಲ. ಆಮೇಲೆ ಸೆರಗು ಶುರುವಾಗುವಲ್ಲಿ ಸೀರೆ ತಿರುಗಿಸಿ. ಎರಡು ಬಣ್ಣದ ಎಳೆ ಒಂದರೊಳಗೊಂದು ಸಿಕ್ಕಿಕೊಂಡ ಸಣ್ಣ ಗೆರೆ ಅಡ್ಡಲಾಗಿ ಕಾಣಬೇಕು, ಬೆರಳಿಗೂ ತಾಕಬೇಕು. ಮಡಿಕೆ ಬಿಚ್ಚಿ ಈ ಜಾಗ ತೋರಿಸಲು ಒಲ್ಲೆ ಎನ್ನುವ ಅಂಗಡಿಯಿಂದ ಎದ್ದು ಬರುವುದೇ ಲೇಸು.

ನೂಲಿನ ಮಾತು. ಒಡಲು ಹತ್ತಿಯೋ ರೇಷ್ಮೆಯೋ, ಸೆರಗು ಶುದ್ಧ ರೇಷ್ಮೆಯೋ ಚಮಕಾವೋ ಎಂದು ಎರಡನ್ನೂ ಬೇರೆ ಬೇರೆ ಕೇಳಿ, ಬಿಲ್ಲಿನಲ್ಲಿ ಬರೆಸಿ. ಚಮಕಾ ಎಂದರೆ ಕೃತಕ ರೇಷ್ಮೆ. ಹೊಳಪು ಹೆಚ್ಚು, ಬೆಲೆ ಕಡಿಮೆ. ಅದೂ ಕೊಂಡಿ ಹಾಕಿದ ಕೈಮಗ್ಗದ ಸೀರೆಯೇ ಆಗಿರಬಹುದು, ಕೀಳೆಂದು ಬದಿಗಿಡಬೇಕಿಲ್ಲ. ರೇಷ್ಮೆಯ ಬೆಲೆ ಹೇಳಿ ಚಮಕಾ ಕೊಟ್ಟರೆ ಮಾತ್ರ ಮೋಸ. ಉದ್ದ 6, 8, 9 ಗಜಗಳಲ್ಲಿ ಸಿಗುತ್ತದೆ. ಕಚ್ಚೆ ಹಾಕಿ ಉಡುವವರಿಗೆ 9 ಬೇಕು, ಪರದೇಶದ ಮಕ್ಕಳಿಗೆ 6 ಸಾಕು.

ಒಗೆಯುವಾಗಲೇ ಹೆಚ್ಚು ಸೀರೆ ಕೆಡುತ್ತವೆ. ಸೆರಗಿನ ಕೆಂಪು ಬಿಟ್ಟರೆ ಅದರ ಮೇಲಿನ ಬಿಳಿ ತೆನಿಗೆ, ಅಂದರೆ ಬಾಚಣಿಗೆ ಹಲ್ಲಿನಂಥ ವಿನ್ಯಾಸಕ್ಕೆ, ಹತ್ತಿ ಗುಲಾಬಿಯಾಗುತ್ತದೆ. ಕೊಳ್ಳುವಾಗಲೇ ಒದ್ದೆ ಬಿಳಿ ಅರಿವೆಯಿಂದ ಮೂಲೆಯಲ್ಲಿ ಒರೆಸಿ ನೋಡಿ. ಹತ್ತಿಯ ಒಡಲು ಬಿಸಿನೀರಿಗೆ ಮುದುಡುತ್ತದೆ, ರೇಷ್ಮೆ ಸೆರಗು ಅಷ್ಟು ಮುದುಡದು. ಆಗ ಕೊಂಡಿಯ ಗೆರೆಯುದ್ದಕ್ಕೂ ಸುಕ್ಕು ಬೀಳುತ್ತದೆ, ಮತ್ತೆ ಹೋಗುವುದೇ ಇಲ್ಲ. ಅಮೆರಿಕದ ಮನೆಗಳಲ್ಲಿ ಬಟ್ಟೆ ಒಣಗಿಸುವ ಬಿಸಿ ಯಂತ್ರವೇ ಇದಕ್ಕೆ ದೊಡ್ಡ ಶತ್ರು. ತಣ್ಣೀರು, ಒಂಟಿ ಸೀರೆ, ಹಿಂಡದೆ ನೆರಳಲ್ಲಿ ಒಣಗಿಸುವುದು ಎಂದು ಚೀಟಿ ಬರೆದು ಸೀರೆಯ ಜೊತೆಗೇ ಇಡಿ. ರೇಷ್ಮೆ ಸೆರಗಿದ್ದರೆ ಡ್ರೈಕ್ಲೀನ್.

ಕಸೂತಿ ಬೇಕೆಂದರೆ ಬೆನ್ನು ನೋಡಿ. ಗವಂತಿ, ಮುರಗಿ ಹೊಲಿಗೆ ಎರಡೂ ಮಗ್ಗುಲಲ್ಲಿ ಒಂದೇ ತೆರ ಇರುತ್ತದೆ, ಗಂಟು ಇರುವುದಿಲ್ಲ. ನೇಯ್ಗೆ, ಮೆಂತೆ ಹೊಲಿಗೆಗಳು ಹಾಗಲ್ಲ, ಅವುಗಳ ಹಿಂಬದಿ ಬೇರೆ ಕಂಡರೆ ಅನುಮಾನ ಬೇಡ. ಮುಂದೆ ಹಲವು ಬಣ್ಣವಿದ್ದೂ ಹಿಂದೆ ಎಲ್ಲೆಡೆ ಒಂದೇ ಬಣ್ಣದ ದಾರ ಓಡಿದ್ದರೆ ಅದು ಮಷೀನಿನದು.

ಸೀರೆಯ ಜೋಡಿಗೆ ರವಿಕೆ ಬಟ್ಟೆ ಗುಳೇದಗುಡ್ಡ ಖಣವೇ ಸರಿ. ಇಳಕಲ್ ಸೀರೆಯಂತೆ ಅದಕ್ಕೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಪನ್ನ (ಬಟ್ಟೆಯ ಅಗಲ) ಕಡಿಮೆ ಇರುವುದರಿಂದ ಟೇಲರ್‌ಗೆ ಅಳತೆ ಕೊಟ್ಟು ಎಷ್ಟು ಬೇಕೆಂದು ಕೇಳಿಕೊಂಡೇ ಕೊಳ್ಳಿ. ಖಣದ ದಡಿ ತೋಳಿನ ಅಂಚಿಗೆ ಬರುವಂತೆ ಕತ್ತರಿಸಬೇಕು, ಹೂವು ಎರಡೂ ಬದಿಗೆ ಸರಿಹೊಂದಬೇಕು. ಒಳಗೆ ಹತ್ತಿಯ ಅಸ್ತರ್ ಹಾಕಿಸದಿದ್ದರೆ ಹಿಂಬದಿಯ ಸಡಿಲ ಎಳೆಗಳು ಬಳೆ, ಉಗುರಿಗೆ ಸಿಕ್ಕಿ ಕಿತ್ತುಬರುತ್ತವೆ. ಹೊಲಿಸಿ ಕಳಿಸುವುದಾದರೆ ಬಗಲಲ್ಲಿ ಹೊಲಿಗೆಯ ಒಳಗೆ ಬಟ್ಟೆ ಧಾರಾಳ ಬಿಡಲು ಹೇಳಿ, ಅಮೆರಿಕದಲ್ಲಿ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು ಬರುತ್ತದೆ.