ನಾಲ್ಕು ಕಂಪನಿ, ಒಂದೇ ಕಾರು: ಬೆರಕೆ ಆಡಿಯೋ ಸೆಟಪ್ ವಿಮರ್ಶೆ

ಡ್ಯಾಶ್‌ಬೋರ್ಡಿಗೆ ಪಯೋನಿಯರ್ ಟಚ್‌ಸ್ಕ್ರೀನ್ ಹೆಡ್ ಯೂನಿಟ್ (ಸ್ಟೀರಿಯೊ), ಸ್ಪೀಕರ್‌ಗೆ ಶಕ್ತಿ ಕೊಡಲು ಸೋನಿ ಫೋರ್ ಚಾನೆಲ್ ಆಂಪ್ (ಆಂಪ್ಲಿಫೈಯರ್), ಮುಂಬಾಗಿಲಿಗೆ ಫೋಕಲ್ ಕಾಂಪೊನೆಂಟ್ ಸ್ಪೀಕರ್ ಸೆಟ್, ಸೀಟಿನಡಿಗೆ ಬಾಸ್‌ಗೆಂದೇ ಇರುವ ಸಬ್ (ಸಬ್‌ವೂಫರ್) ಜೆಬಿಎಲ್ ಬಾಸ್‌ಪ್ರೊ ಎಸ್‌ಎಲ್. ಇಂಥ ಪಟ್ಟಿ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ, "ಎಲ್ಲಾ ಒಂದೇ ಕಂಪನಿದು ಹಾಕ್ಸಿ ಸಾರ್, ಇಲ್ಲಾಂದ್ರೆ ಮ್ಯಾಚ್ ಆಗಲ್ಲ" ಅನ್ನುವವರು ಸಿಗುತ್ತಾರೆ. ಆ ಮಾತು ಬಿಡಿ. ವೋಲ್ಟೇಜ್, ಓಮ್ (ವಿದ್ಯುತ್ ರೋಧದ ಅಳತೆ), ಆರ್‌ಎಂಎಸ್ ವ್ಯಾಟ್ (ಸತತವಾಗಿ ಕೊಡುವ ಇಲ್ಲವೇ ತಡೆಯುವ ಶಕ್ತಿ) ಈ ಮೂರು ಹೊಂದಿದರೆ ಬೆರಕೆ ಸೆಟಪ್ಪೇ ಕೊಟ್ಟ ದುಡ್ಡಿಗೆ ಹೆಚ್ಚು ಚೆನ್ನಾಗಿ ಹಾಡುತ್ತದೆ.

ಆದರೆ ಒಂದು ಕಡೆ ಮಾತ್ರ ಬೆರೆಸಬಾರದು. ಕಾಂಪೊನೆಂಟ್ ಸೆಟ್ಟಿನ ಟ್ವೀಟರ್ (ಮೇಲುಸ್ವರದ ಪುಟ್ಟ ಸ್ಪೀಕರ್), ಮಿಡ್‌ಬಾಸ್ (ಅದಕ್ಕಿಂತ ಕೆಳಗಿನ ಸ್ವರಗಳ ಸ್ಪೀಕರ್), ಇವೆರಡಕ್ಕೂ ಸ್ವರ ಹಂಚುವ ಕ್ರಾಸೋವರ್ ಮೂರೂ ಒಂದೇ ಡಬ್ಬಿಯವಾಗಿರಲಿ. ಆ ಕ್ರಾಸೋವರ್‌ನಲ್ಲಿರುವ ಕಾಯಿಲ್, ಕೆಪ್ಯಾಸಿಟರ್ ಲೆಕ್ಕ ಹಾಕಿರುವುದು ಆ ಟ್ವೀಟರ್‌ಗೆ ಮಾತ್ರ. ಬೇರೆ ಕಂಪನಿಯ ಟ್ವೀಟರ್ ಸಿಕ್ಕಿಸಿದರೆ ಅದಕ್ಕೆ ತಡೆಯಲಾಗದ ಕೆಳಸ್ವರ ಹೋಗಿ ಸುಟ್ಟೀತು, ಇಲ್ಲವೇ ಗಾಯಕಿಯ ದನಿಯಲ್ಲಿ 'ಸ', 'ಶ' ಕಿವಿಗೆ ಚುಚ್ಚೀತು.

ಹೆಡ್ ಯೂನಿಟ್ ಡಬ್ಬಿ ಮೇಲಿನ '50 ವ್ಯಾಟ್ × 4' ನಂಬಿ ಆಂಪ್ ಬೇಡವೆನ್ನಬೇಡಿ. 14.4 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರ್‌ಗೆ ಅದು ಸದ್ದು ಒಡೆಯದೆ ಕೊಡುವುದು ಹೆಚ್ಚೆಂದರೆ 20 ವ್ಯಾಟ್ ಆಸುಪಾಸು. ಬದಲಿಗೆ ನೋಡಬೇಕಾದ್ದು ಪ್ರೀಔಟ್ ವೋಲ್ಟೇಜ್, ಅಂದರೆ ಹೆಡ್ ಯೂನಿಟ್ ಆಂಪ್‌ಗೆ ಕಳಿಸುವ ಸಿಗ್ನಲ್‌ನ ವೋಲ್ಟೇಜ್: 2 ವೋಲ್ಟ್ ನಡೆಯುತ್ತದೆ, 4 ಇದ್ದರೆ ಆಂಪ್‌ನ ಗೇನ್ (ಆ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕೆಂದು ಹೊಂದಿಸುವ ತಿರುಪು) ಕಡಿಮೆ ಇಡಬಹುದು, ಸದ್ದಿನ ಹಿಂದಿನ ಹಿಸ್ ತಗ್ಗುತ್ತದೆ.

ಬೆರಕೆ ಸೆಟಪ್ ಕೆಡುವುದು ಬಹುಪಾಲು ಈ ಗೇನ್‌ನಲ್ಲೇ. ಅಂಗಡಿಯಲ್ಲಿ ಅದನ್ನು ವಾಲ್ಯೂಮ್ ಥರ ತಿರುಗಿಸಿ ಬಿಡುತ್ತಾರೆ. ಸರಿಯಾದ ಕ್ರಮ ಇದು: ಸ್ಪೀಕರ್ ವೈರ್ ಬಿಚ್ಚಿ. ಈಕ್ವಲೈಸರ್ ಫ್ಲ್ಯಾಟ್, ಬಾಸ್ ಬೂಸ್ಟ್ ಸೊನ್ನೆ, ಆಂಪ್‌ನ ಫಿಲ್ಟರ್ ಆಫ್. ವಾಲ್ಯೂಮ್ ಮುಕ್ಕಾಲು ಭಾಗ, ಅಂದರೆ ಗರಿಷ್ಠ 40 ಇದ್ದರೆ 30. ಈಗ 400 ಹರ್ಟ್ಸ್ ಟೆಸ್ಟ್ ಟೋನ್ ಹಾಕಿ (ಅಗ್ಗದ ಮಲ್ಟಿಮೀಟರ್ ಅದಕ್ಕಿಂತ ಮೇಲೆ ಸುಳ್ಳು ಹೇಳುವುದುಂಟು), ಆಂಪ್‌ನ ಔಟ್‌ಪುಟ್‌ನಲ್ಲಿ ಎಸಿ ವೋಲ್ಟ್ ಅಳೆಯಿರಿ. ಎಷ್ಟು ಬರಬೇಕು? ವ್ಯಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 60 ವ್ಯಾಟ್, 4 ಓಮ್ ಆದರೆ 15.5 ವೋಲ್ಟ್. ಅಲ್ಲಿಗೆ ಬಂದ ಕೂಡಲೇ ಗೇನ್ ನಿಲ್ಲಿಸಿ. ಸ್ಪೀಕರ್ ಮತ್ತು ಆಂಪ್‌ನ ಆರ್‌ಎಂಎಸ್‌ಗಳಲ್ಲಿ ಯಾವುದು ಕಡಿಮೆಯೋ ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಫಿಲ್ಟರ್ ಒಂದೇ ಕಡೆ ಹಾಕಿ. ಪಯೋನಿಯರ್‌ನಲ್ಲಿ 80 ಹರ್ಟ್ಸ್ ಹೈಪಾಸ್ (ಅದಕ್ಕಿಂತ ಕೆಳಗಿನ ಸ್ವರ ತಡೆಯುವ ಫಿಲ್ಟರ್), ಸೋನಿಯಲ್ಲೂ 80 ಹೈಪಾಸ್ ಅಂತ ಎರಡೂ ಆನ್ ಮಾಡಿದರೆ 12 ಡೆಸಿಬಲ್ ಇಳಿಜಾರು 24 ಆಗುತ್ತದೆ, ಮುಂದಿನ ಸ್ಪೀಕರ್‌ಗೂ ಸಬ್‌ಗೂ ನಡುವೆ ಹಳ್ಳ ಬೀಳುತ್ತದೆ. ಮೃದಂಗದ ಎಡಭಾಗದ ಗುಂಕಾರ ಟೊಳ್ಳಾಗಿ ಕೇಳಿದರೆ ಹೆಡ್ ಯೂನಿಟ್‌ನಲ್ಲಿ ಸಬ್ ಫೇಸನ್ನು (ಸಬ್‌ನ ಕೋನ್ ಒಳಹೊರಗೆ ಚಲಿಸುವ ದಿಕ್ಕು) ರಿವರ್ಸ್ ಮಾಡಿ ನೋಡಿ; ಯಾವುದರಲ್ಲಿ ಬಾಸ್ ತುಂಬಿ ಬರುತ್ತದೋ ಅದೇ ಸರಿ.

ಬಾಸ್‌ಪ್ರೊ ಎಸ್‌ಎಲ್‌ನಲ್ಲಿ 8 ಇಂಚಿನ ವೂಫರ್, 125 ವ್ಯಾಟ್ ಆಂಪ್ ಒಳಗೇ ಇದೆ. ಹಾಗಾಗಿ ಓಮ್ ತಲೆನೋವಿಲ್ಲ. ಎದೆ ನಡುಗಿಸುವ ಬಾಸ್ ಕೊಡದು, ಡಿಕ್ಕಿ ಮಾತ್ರ ಪೂರ್ತಿ ಖಾಲಿ ಉಳಿಯುತ್ತದೆ. ಬೇರೆ ಸಬ್ ಕೊಳ್ಳುವವರು ಲೆಕ್ಕ ಹಾಕಲೇಬೇಕು: ಸಬ್‌ನೊಳಗಿನ 2 ಓಮ್‌ನ ಎರಡು ವಾಯ್ಸ್ ಕಾಯಿಲ್ ಸಮಾಂತರವಾಗಿ ಜೋಡಿಸಿದರೆ 1 ಓಮ್. 2 ಓಮ್‌ಗಿಂತ ಕೆಳಗೆ ತಡೆಯದ ಮೋನೋ (ಒಂದೇ ಚಾನೆಲ್‌ನ) ಆಂಪ್ ಆಗ ಪ್ರೊಟೆಕ್ಟ್‌ಗೆ ಹೋಗುತ್ತದೆ, ಅಂದರೆ ಕೆಡದಂತೆ ತಾನೇ ಸದ್ದು ನಿಲ್ಲಿಸುತ್ತದೆ. ಸರಣಿಯಲ್ಲಿ ಜೋಡಿಸಿದರೆ 4, ಚಿಂತೆಯಿಲ್ಲ.

ವೈರಿಂಗ್ ಕಿಟ್‌ನಲ್ಲಿ ಮೋಸ ಜಾಸ್ತಿ. ತುದಿಯ ಎಳೆಯೊಂದನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದೇ ದಪ್ಪದ ತಾಮ್ರಕ್ಕಿಂತ ರೋಧ ಸುಮಾರು ಒಂದೂವರೆ ಪಟ್ಟು. ಆಂಪ್‌ಗೂ ಸಬ್‌ಗೂ ಸೇರಿ 4 ಗೇಜ್ (ವೈರಿನ ದಪ್ಪದ ಅಳತೆ) ಶುದ್ಧ ತಾಮ್ರದ ಪವರ್ ವೈರ್ ಸಾಕು. ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗಿರಲಿ. ಅರ್ತಿಂಗ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಮಾಡಿ, ಆಂಪ್ ಮತ್ತು ಸಬ್ ಎರಡಕ್ಕೂ ಒಂದೇ ಬಿಂದು. ಆಕ್ಸಿಲರೇಟರ್ ಒತ್ತಿದಂತೆ ಏರುವ 'ಕುಂಯ್' ಸದ್ದಿಗೆ ಹೆಚ್ಚಾಗಿ ಈ ಅರ್ತಿಂಗೇ ಕಾರಣ. ಕಂಪನಿ ಬೆರೆತದ್ದಕ್ಕೆ ಬೈಯಬೇಡಿ.

ಒಂದು ಕಂಪನಿಯ ಬಾಸ್ ನಾಬ್ (ಸೀಟಿನಲ್ಲೇ ಕೂತು ಬಾಸ್ ಏರಿಸಿ ಇಳಿಸುವ ತಿರುಪು) ಇನ್ನೊಂದರ ಆಂಪ್‌ಗೆ ಸಾಮಾನ್ಯವಾಗಿ ಕೂರುವುದಿಲ್ಲ. ಹಳೇ ನಾಬ್ ಉಳಿಸಿಕೊಳ್ಳುವ ಆಸೆ ಬಿಡಿ.